ಮಲಬಾರಿನ ಮುಸ್ಲಿಂ ಲೀಗ್: ಊರಸೇವೆಯ ಪರಂಪರೆ, ಹೆಣ್ಣುಮಕ್ಕಳ ಹಾದಿ

ಇಂಡಿಯನ್ ಯೂನಿಯನ್ ಮುಸ್ಲಿಂ ಲೀಗ್ 1948ರ ಮಾರ್ಚ್ 10ರಂದು ಮದ್ರಾಸಿನಲ್ಲಿ ಹುಟ್ಟಿತು. ದೇಶ ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲ ಅದು. ಹಳೆಯ ಅಖಿಲ ಭಾರತ ಮುಸ್ಲಿಂ ಲೀಗಿನ ಮಂಡಳಿ 1947ರ ಡಿಸೆಂಬರಿನಲ್ಲಿ ಕರಾಚಿಯಲ್ಲಿ ಸೇರಿ, ಎರಡು ದೇಶಗಳಿಗೆ ಎರಡು ಸಂಘಟನೆಗಳಾಗಿ ಬೇರ್ಪಡಲು ತೀರ್ಮಾನಿಸಿತ್ತು. ಭಾರತದಲ್ಲೇ ಉಳಿದವರು ಮುಂದೇನು ಮಾಡಬೇಕೆಂಬ ಪ್ರಶ್ನೆಗೆ ಮದ್ರಾಸಿನ ಸಭೆ ಉತ್ತರ ಹುಡುಕಿತು. ತಿರುನೆಲ್ವೇಲಿಯ ಎಂ. ಮುಹಮ್ಮದ್ ಇಸ್ಮಾಯಿಲ್ ಅಧ್ಯಕ್ಷರಾದರು. ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದ ಅವರನ್ನು ಜನ ಖಾಯಿದೆ ಮಿಲ್ಲತ್ ಎಂದು ಕರೆದರು. ಹೊಸ ಪಕ್ಷ ಭಾರತದ ಸಂವಿಧಾನಕ್ಕೆ ಬದ್ಧವಾಗಿ, ಚುನಾವಣೆಯ ದಾರಿಯಲ್ಲಿ ನಡೆಯಲು ನಿರ್ಧರಿಸಿತು.

ಉತ್ತರ ಭಾರತದಲ್ಲಿ ಆ ಹೆಸರು ಬಹುಬೇಗ ಮರೆಯಾಯಿತು. ಅದು ಬೇರುಬಿಟ್ಟು ಬೆಳೆದದ್ದು ಮಲಬಾರಿನಲ್ಲಿ, ಅಂದರೆ ಇಂದಿನ ಕೇರಳದ ಉತ್ತರಾರ್ಧದಲ್ಲಿ. ಅಲ್ಲಿ ಮಾಪಿಳ್ಳೆ ಮುಸ್ಲಿಮರ ಸಂಖ್ಯಾಬಲವಿತ್ತು, ನಿಜ. ಆದರೆ ಒಂದು ಪಕ್ಷ ಏಳು ದಶಕಗಳಿಗೂ ಮೀರಿ ಬಾಳಲು ಅದೊಂದೇ ಸಾಲದು. ರೋಗಿಗೆ ಔಷಧಿ, ಅನಾಥ ಮಗುವಿಗೆ ಊಟ, ಬಡ ಕುಟುಂಬಕ್ಕೆ ಸೂರು, ಊರಿಗೊಂದು ಶಾಲೆ ಎಂದು ಜನರ ದಿನನಿತ್ಯದ ಕಷ್ಟಗಳೊಳಗೆ ಕೈಯಿಟ್ಟ ಕೆಲಸವೇ ಅದರ ನಿಜವಾದ ಬುನಾದಿ. ಈ ಸೇವೆಯ ಕಥೆಯ ಒಳಗೇ ಇನ್ನೊಂದು ಕಥೆಯಿದೆ. ಮೊದಲು ನೆರವು ಪಡೆಯುವವರಾಗಿ, ಬಳಿಕ ನೆರವು ನೀಡುವವರಾಗಿ, ಕೊನೆಗೆ ತೀರ್ಮಾನ ಕೈಗೊಳ್ಳುವ ಹಕ್ಕನ್ನು ಕೇಳುವವರಾಗಿ ಮುಂದೆ ಬಂದ ಹೆಣ್ಣುಮಕ್ಕಳ ಕಥೆ ಅದು.

ದಂಗೆ, ಬರಗಾಲ ಮತ್ತು ಯತೀಂಖಾನ

ಮಲಬಾರಿನ ಮುಸ್ಲಿಂ ಸಮಾಜಸೇವೆಯ ಬೇರು ಪಕ್ಷದ ಹುಟ್ಟಿಗಿಂತ ಹಿಂದಿನದು. 1921ರ ಮಲಬಾರ್ ದಂಗೆಯನ್ನು ಬ್ರಿಟಿಷ್ ಸರ್ಕಾರ ಕಠೋರವಾಗಿ ಹತ್ತಿಕ್ಕಿತು. ಏರನಾಡು ಮತ್ತು ವಳ್ಳುವನಾಡು ತಾಲೂಕುಗಳಲ್ಲಿ ಸಾವಿರಾರು ಗಂಡಸರು ಸತ್ತರು, ಜೈಲು ಸೇರಿದರು, ಅಂಡಮಾನಿಗೆ ಗಡಿಪಾರಾದರು. ದುಡಿಯುವ ಕೈಗಳಿಲ್ಲದ ಮನೆಗಳಲ್ಲಿ ವಿಧವೆಯರೂ ಮಕ್ಕಳೂ ಉಳಿದರು. ಈ ಮಕ್ಕಳಿಗಾಗಿ 1922ರಲ್ಲಿ ಕಲ್ಲಿಕೋಟೆಯಲ್ಲಿ ಜೆ.ಡಿ.ಟಿ. ಇಸ್ಲಾಂ ಅನಾಥಾಲಯ ತೆರೆಯಿತು. ದೂರದ ಪಂಜಾಬಿನಿಂದ ಬಂದ ಅಬ್ದುಲ್ ಖಾದಿರ್ ಕಸೂರಿ ಅದನ್ನು ಕಟ್ಟಿದವರು.

ಇಪ್ಪತ್ತು ವರ್ಷಗಳ ಬಳಿಕ ಇನ್ನೊಂದು ಆಪತ್ತು ಎರಗಿತು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ಬರುವುದು ನಿಂತು ಮಲಬಾರ್ ಹಸಿವಿನಲ್ಲಿ ನರಳಿತು. ಹಸಿವಿನ ಬೆನ್ನಿಗೇ ಕಾಲರಾ ಬಂತು. 1943ರಲ್ಲಿ ತಿರೂರಂಗಾಡಿಯಲ್ಲಿ ಯತೀಂಖಾನ, ಅಂದರೆ ಅನಾಥಾಲಯ, ಆರಂಭವಾದದ್ದು ಈ ಸಂಕಟದ ನಡುವೆ. ಸುಧಾರಣಾವಾದಿ ವಿದ್ವಾಂಸ ಕೆ.ಎಂ. ಮೌಲವಿ, ಎಂ.ಕೆ. ಹಾಜಿ ಮೊದಲಾದವರು ಅದರ ಹಿಂದಿದ್ದರು. ಇಬ್ಬರೂ ಲೀಗಿನೊಡನೆ ನಂಟಿದ್ದವರು. ಮುಂದೆ ಇದೇ ಅನಾಥಾಲಯದ ಸಮಿತಿ 1968ರಲ್ಲಿ ತಿರೂರಂಗಾಡಿಯಲ್ಲಿ ಪಿ.ಎಸ್.ಎಂ.ಒ. ಕಾಲೇಜನ್ನು ತೆರೆದು, ಅದಕ್ಕೆ ಲೀಗಿನ ಹಿರಿಯ ಸಂಸದ ಬಿ. ಪೋಕ್ಕರ್ ಸಾಹೇಬರ ಹೆಸರಿಟ್ಟಿತು. 1967ರಲ್ಲಿ ವಯನಾಡಿನ ಮುಟ್ಟಿಲ್‌ನಲ್ಲಿ ಆರಂಭವಾದ ಮುಸ್ಲಿಂ ಅನಾಥಾಲಯವೂ ಹೀಗೆಯೇ ಶಾಲೆ ಕಾಲೇಜುಗಳ ಸಮುಚ್ಚಯವಾಗಿ ಬೆಳೆಯಿತು. ಬಡ ಹೆಣ್ಣುಮಕ್ಕಳಿಗೆ ವರದಕ್ಷಿಣೆಯಿಲ್ಲದ ಸಾಮೂಹಿಕ ವಿವಾಹಗಳನ್ನು ಜಾತಿ ಮತದ ಭೇದವಿಲ್ಲದೆ ನಡೆಸಿ ಹೆಸರಾಯಿತು.

ಈ ಸಂಸ್ಥೆಗಳು ಕಾಗದದ ಮೇಲೆ ಪಕ್ಷದವಲ್ಲ. ಅವಕ್ಕೆ ಅವುಗಳದೇ ಸಮಿತಿಗಳಿದ್ದವು. ಆದರೆ ಸಮಿತಿಯ ಕಾರ್ಯದರ್ಶಿ, ಊರಿನ ಮಸೀದಿಯ ಮಹಲ್ಲು ಕೂಟದ ಹಿರಿಯ ಮತ್ತು ಲೀಗಿನ ಶಾಖೆಯ ಅಧ್ಯಕ್ಷ ಬಹಳ ಕಡೆ ಒಬ್ಬನೇ ವ್ಯಕ್ತಿಯಾಗಿದ್ದ. ಪಕ್ಷಕ್ಕೂ ಊರಸೇವೆಗೂ ನಡುವೆ ಗೆರೆ ಎಳೆಯಲಾಗದಂಥ ಈ ಹೆಣಿಗೆಯೇ ಮಲಬಾರ್ ಲೀಗಿನ ಲಕ್ಷಣ.

ಅಕ್ಷರದ ಪ್ರಶ್ನೆ

ಮಲಬಾರಿನಲ್ಲಿ ಮುಸ್ಲಿಂ ಲೀಗ್ ಸಂಘಟಿತವಾದದ್ದು 1930ರ ದಶಕದಲ್ಲಿ. ಕಣ್ಣೂರಿನ ಅರಕ್ಕಲ್ ರಾಜಮನೆತನದ ಅಬ್ದುರಹ್ಮಾನ್ ಆಲಿ ರಾಜ ಮೊದಲ ಅಧ್ಯಕ್ಷರು. ತಲಶ್ಶೇರಿಯ ವ್ಯಾಪಾರಿ ಸತ್ತಾರ್ ಸೇಠ್, ಕೊಡುಂಗಲ್ಲೂರು ಕಡೆಯ ವಕೀಲ ಕೆ.ಎಂ. ಸೀತಿ ಸಾಹೇಬ್ ಅದರ ಚಾಲಕ ಶಕ್ತಿಗಳು. 1934ರಲ್ಲಿ ತಲಶ್ಶೇರಿಯಿಂದ ಹೊರಟ 'ಚಂದ್ರಿಕ' ಪತ್ರಿಕೆ ಅವರ ದನಿಯಾಯಿತು. ವಾರಪತ್ರಿಕೆಯಾಗಿ ಆರಂಭವಾದ ಅದು ದಿನಪತ್ರಿಕೆಯಾಗಿ ಬೆಳೆದು, 1940ರ ದಶಕದಲ್ಲಿ ಕಲ್ಲಿಕೋಟೆಗೆ ನೆಲೆ ಬದಲಿಸಿತು. ಸೀತಿ ಸಾಹೇಬರು 1922ರಲ್ಲಿ ಕೊಡುಂಗಲ್ಲೂರಿನಲ್ಲಿ ಹುಟ್ಟಿದ ಐಕ್ಯ ಸಂಘದ ಸುಧಾರಣಾ ಪರಂಪರೆಯಿಂದ ಬಂದವರು. ಮುಸ್ಲಿಮರು ಆಧುನಿಕ ಶಿಕ್ಷಣ ಪಡೆಯದ ಹೊರತು ರಾಜಕೀಯ ಹಕ್ಕುಗಳಿಂದ ಪ್ರಯೋಜನವಿಲ್ಲ ಎಂಬುದು ಅವರ ದೃಢ ನಂಬಿಕೆ. 1948ರಲ್ಲಿ ಕಲ್ಲಿಕೋಟೆಯ ಬಳಿ ಫಾರೂಕ್ ಕಾಲೇಜು ತಲೆಯೆತ್ತಿದಾಗ ಅದರ ಬೆನ್ನಿಗೆ ನಿಂತವರಲ್ಲಿ ಅವರೂ ಒಬ್ಬರು.

ಆ ಕಾಲದಲ್ಲಿ ಹೆಣ್ಣುಮಕ್ಕಳ ಓದು ತಕರಾರಿನ ವಿಷಯವಾಗಿತ್ತು. ಹೆಣ್ಣಿಗೆ ಕುರಾನ್ ಪಠಣದಷ್ಟು ಓದು ಸಾಕು, ಬರೆಯುವುದನ್ನು ಕಲಿಸಬಾರದು ಎಂಬ ಮಾತು ಸಂಪ್ರದಾಯವಾದಿ ಉಲೇಮಾಗಳಲ್ಲಿ ಬಲವಾಗಿತ್ತು. ಆದರೂ ಮಾಪಿಳ್ಳೆ ಹೆಂಗಸರು ಅಕ್ಷರದಿಂದ ಪೂರ್ತಿ ದೂರವಿದ್ದರೆಂದು ಹೇಳಲಾಗದು. ಮಲಯಾಳವನ್ನು ಅರಬ್ಬಿ ಲಿಪಿಯಲ್ಲಿ ಬರೆಯುವ ಅರಬ್ಬಿ ಮಲಯಾಳ ಮನೆಮನೆಯಲ್ಲಿತ್ತು. ಮಾಲಪ್ಪಾಟ್ಟು ಎಂಬ ಭಕ್ತಿಗೀತೆಗಳನ್ನು, ಕಥನಗೀತೆಗಳನ್ನು ಹೆಂಗಸರು ಓದಿ ಹಾಡುತ್ತಿದ್ದರು. ಸರ್ಕಾರದ ಗಣತಿಗೆ ಮಾತ್ರ ಆ ಓದು ಓದಾಗಿ ಕಾಣಲಿಲ್ಲ. ಉತ್ತರ ಮಲಬಾರಿನಲ್ಲಿ ತಾಯಿಯ ವಂಶದ ಮೂಲಕ ಆಸ್ತಿ ಇಳಿದು ಬರುವ ಮರುಮಕ್ಕತ್ತಾಯಂ ಮುಸ್ಲಿಂ ಕುಟುಂಬಗಳಲ್ಲೂ ನಡೆಯುತ್ತಿತ್ತು. ಅರಕ್ಕಲ್‌ನ ಗಾದಿಯಲ್ಲಿ ಬೀಬಿಯರು ಕೂತು ಆಳಿದ್ದರು. ಮನೆ ಹೆಣ್ಣಿನದಾಗಿದ್ದರೂ ಸಭೆ ಅವಳದಾಗಿರಲಿಲ್ಲ ಎಂಬುದು ಆ ನಾಡಿನ ವಿಚಿತ್ರ.

ಸಭೆಗೆ ನುಗ್ಗಿದವರೂ ಇದ್ದರು. ತಿರುವಿದಾಂಕೂರಿನ ಎಂ. ಹಲೀಮಾ ಬೀವಿ 1938ರಲ್ಲಿ 'ಮುಸ್ಲಿಂ ವನಿತ' ಎಂಬ ಪತ್ರಿಕೆ ಹೊರಡಿಸಿ, ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ವಾದಿಸಿದರು. ಮುಂದೆ 'ಭಾರತ ಚಂದ್ರಿಕ' ವಾರಪತ್ರಿಕೆಯನ್ನು ನಡೆಸಿದರು. ತಿರುವಲ್ಲದ ನಗರಸಭಾ ಸದಸ್ಯೆಯಾದರು. ಅದೇ 1938ರಲ್ಲಿ ಅಖಿಲ ಭಾರತ ಲೀಗ್ ತನ್ನ ಪಟ್ನಾ ಅಧಿವೇಶನದಲ್ಲಿ ಮಹಿಳೆಯರ ಉಪಸಮಿತಿಯೊಂದನ್ನು ರಚಿಸಿತ್ತು. ಮಲಬಾರಿನ ಹಳ್ಳಿಗಳಿಗೆ ಅದರ ಸದ್ದು ತಲುಪಿದ್ದು ತೀರಾ ಕಡಿಮೆ. ಅಲ್ಲಿ ಹೆಣ್ಣಿಗೆ ಬಾಗಿಲು ತೆರೆದದ್ದು ರಾಜಕೀಯ ಸಭೆಯಲ್ಲ, ಶಾಲೆ.

ಅಧಿಕಾರ ಕೈಗೆ ಬಂದಾಗ

1956ರಲ್ಲಿ ಕೇರಳ ರಾಜ್ಯ ರೂಪುಗೊಂಡಿತು. 1960ರ ಚುನಾವಣೆಯಲ್ಲಿ ಕಾಂಗ್ರೆಸ್ ಮತ್ತು ಪ್ರಜಾ ಸೋಷಲಿಸ್ಟ್ ಪಕ್ಷಗಳೊಡನೆ ಕೈಜೋಡಿಸಿದ ಲೀಗ್ 11 ಸ್ಥಾನ ಗೆದ್ದಿತು. ಸೀತಿ ಸಾಹೇಬರು ವಿಧಾನಸಭೆಯ ಸ್ಪೀಕರ್ ಆದರು, ಮರುವರ್ಷವೇ ತೀರಿಕೊಂಡರು. ಲೀಗಿಗೆ ಮಂತ್ರಿಪದವಿ ಸಿಕ್ಕಿದ್ದು 1967ರಲ್ಲಿ, ಇ.ಎಂ.ಎಸ್. ನಂಬೂದಿರಿಪಾಡ್ ನೇತೃತ್ವದ ಏಳು ಪಕ್ಷಗಳ ಸರ್ಕಾರದಲ್ಲಿ. ಅತ್ತೋಳಿಯ ಸಿ.ಎಚ್. ಮುಹಮ್ಮದ್ ಕೋಯ ಶಿಕ್ಷಣ ಮಂತ್ರಿಯಾದರು.

ಕೋಯ 'ಚಂದ್ರಿಕ'ದ ಸಂಪಾದಕರಾಗಿದ್ದವರು, ಜನರ ಮನಸ್ಸು ತಟ್ಟುವ ಮಾತುಗಾರರು. ಅವರ ಕಾಲದಲ್ಲಿ ತೇಞಿಪ್ಪಲದಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅದು 1968ರ ಮಾತು. ಅಲ್ಲಿಯವರೆಗೆ ಉನ್ನತ ಶಿಕ್ಷಣಕ್ಕೆ ದಕ್ಷಿಣದ ತಿರುವನಂತಪುರದ ಕಡೆ ನೋಡಬೇಕಿದ್ದ ಮಲಬಾರಿನ ಹುಡುಗಿಯರಿಗೆ ಮನೆಯಿಂದ ಹೋಗಿಬರುವಷ್ಟು ದೂರದಲ್ಲಿ ಕಾಲೇಜುಗಳು ಬಂದವು. ಹೆಣ್ಣುಮಗಳ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದು ಬಹಳ ಮನೆಗಳಲ್ಲಿ ಆ ದೂರದ ಮೇಲೇ ನಿಂತಿತ್ತು. ಕೇರಳದ ಶಾಲೆಗಳಲ್ಲಿ ಮುಸ್ಲಿಂ ಮತ್ತು ನಾಡಾರ್ ಹುಡುಗಿಯರಿಗೆ ಕೊಡುವ ವಿದ್ಯಾರ್ಥಿವೇತನ ಕೋಯ ಅವರ ಹೆಸರಿನೊಡನೆ ಬೆಸೆದುಕೊಂಡಿದೆ. ಸರ್ಕಾರಿ ಶಾಲೆಗಳಲ್ಲಿ ಅರಬ್ಬಿ ಅಧ್ಯಾಪಕರ ಹುದ್ದೆಗಳು ಹೆಚ್ಚಿದ್ದರಿಂದ ಇನ್ನೊಂದು ಫಲವೂ ದೊರೆಯಿತು. ಅರಬ್ಬಿ ಪಾಠಕ್ಕಾದರೆ ಮಗಳು ಕೆಲಸಕ್ಕೆ ಹೋಗಬಹುದು ಎಂದು ಒಪ್ಪಿದ ಕುಟುಂಬಗಳಿಂದ ಸಂಬಳ ಪಡೆಯುವ ಮೊದಲ ತಲೆಮಾರಿನ ಮಾಪಿಳ್ಳೆ ಹೆಂಗಸರು ಹೊರಬಂದರು. ಇಂಥ ಅಧ್ಯಾಪಕಿಯರೇ ಮುಂದೆ ಎಷ್ಟೋ ಊರುಗಳಲ್ಲಿ ಮಹಿಳಾ ನಾಯಕಿಯರಾದರು.

1969ರ ಜೂನ್ 16ರಂದು ಮಲಪ್ಪುರಂ ಜಿಲ್ಲೆ ರಚನೆಯಾಯಿತು. ಹಿಂದುಳಿದ ಪ್ರದೇಶಕ್ಕೆ ಆಡಳಿತವನ್ನು ಹತ್ತಿರ ತರಬೇಕೆಂಬ ಲೀಗಿನ ಬೇಡಿಕೆ ಅದರ ಹಿಂದಿತ್ತು. ಆಸ್ಪತ್ರೆ, ರಸ್ತೆ, ಶಾಲೆಗಳ ವಿಷಯದಲ್ಲಿ ಆ ನಾಡು ಕೇರಳದ ಉಳಿದ ಭಾಗಗಳಿಗಿಂತ ಎಷ್ಟೋ ಹಿಂದಿತ್ತು. 1979ರ ಅಕ್ಟೋಬರಿನಲ್ಲಿ ಕೋಯ ಕೆಲವೇ ವಾರಗಳ ಮಟ್ಟಿಗೆ ಕೇರಳದ ಮುಖ್ಯಮಂತ್ರಿಯೂ ಆದರು. 1983ರಲ್ಲಿ ತೀರಿಕೊಂಡ ಅವರ ಹೆಸರು ಸೇವಾಕೇಂದ್ರಗಳ ಮೂಲಕ ಉಳಿದುಬಂತು.

ಪಾಣಕ್ಕಾಡಿನ ಅಂಗಳ

ಮಲಪ್ಪುರಂ ಪಟ್ಟಣದ ಪಕ್ಕದ ಪಾಣಕ್ಕಾಡಿನಲ್ಲಿ ಕೊಡಪ್ಪನಕ್ಕಲ್ ಮನೆಯಿದೆ. ಪ್ರವಾದಿಯ ವಂಶದವರೆಂದು ಗೌರವಿಸಲ್ಪಡುವ ತಂಙಳ್ ಕುಟುಂಬದ ಮನೆ ಅದು. 1973ರಲ್ಲಿ ಅಬ್ದುರಹ್ಮಾನ್ ಬಾಫಖಿ ತಂಙಳ್ ಹಜ್ ಯಾತ್ರೆಯಲ್ಲಿದ್ದಾಗ ಮಕ್ಕಾದಲ್ಲಿ ನಿಧನರಾದ ಮೇಲೆ ಕೇರಳ ಲೀಗಿನ ಅಧ್ಯಕ್ಷತೆ ಈ ಮನೆಗೆ ಬಂತು. ಮೊದಲು ಪೂಕೋಯ ತಂಙಳ್. 1975ರಿಂದ 2009ರವರೆಗೆ ಮುಹಮ್ಮದಲಿ ಶಿಹಾಬ್ ತಂಙಳ್. ಬಳಿಕ 2022ರವರೆಗೆ ಹೈದರಲಿ ಶಿಹಾಬ್ ತಂಙಳ್. ಆಮೇಲೆ ಸಾದಿಕಲಿ ಶಿಹಾಬ್ ತಂಙಳ್.

ಆ ಮನೆಯ ಅಂಗಳದಲ್ಲಿ ಮಂಗಳವಾರ ಜನ ಸೇರುವುದು ವಾಡಿಕೆ. ಚಿಕಿತ್ಸೆಗೆ ಹಣವಿಲ್ಲದವರು, ಜಾಗದ ವ್ಯಾಜ್ಯದವರು, ಗಂಡ ಬಿಟ್ಟುಹೋದ ಹೆಂಗಸರು, ಮಗಳ ಮದುವೆಗೆ ದಾರಿ ಕಾಣದ ತಾಯಂದಿರು ಅಲ್ಲಿ ಸಾಲುಗಟ್ಟುತ್ತಾರೆ. ಮತದ ವಿಚಾರಣೆ ಅಲ್ಲಿಲ್ಲ. ಕೋರ್ಟಿಗೆ ಹೋಗಲು ಹಣವೂ ಧೈರ್ಯವೂ ಇಲ್ಲದವರಿಗೆ ಅದು ನ್ಯಾಯದ ಕಟ್ಟೆ. ಆದರೆ ಆ ನ್ಯಾಯ ಒಬ್ಬ ಹಿರಿಯನ ಮಾತಿನ ತೂಕದ ಮೇಲೆ ನಿಂತದ್ದು. ಹೆಣ್ಣು ಅಲ್ಲಿ ತನ್ನ ಕಷ್ಟ ಹೇಳಿಕೊಳ್ಳಬಹುದಿತ್ತು, ತೀರ್ಪು ಹೇಳುವ ಜಾಗದಲ್ಲಿ ಕೂರುವಂತಿರಲಿಲ್ಲ. ಈ ಮಿತಿ ಮುಂದಿನ ದಶಕಗಳ ಪ್ರಶ್ನೆಯಾಯಿತು.

ಗಲ್ಫ್ ಹಣ, ಊರಿನ ಸೇವೆ

1970ರ ದಶಕದಲ್ಲಿ ಗಲ್ಫ್ ವಲಸೆ ಮಲಬಾರಿನ ಚಹರೆಯನ್ನೇ ಬದಲಿಸಿತು. ಅಲ್ಲಿನ ಲೀಗ್ ಬೆಂಬಲಿಗರು ಮೊದಲು 'ಚಂದ್ರಿಕ'ದ ಓದುಗರ ಬಳಗವಾಗಿ ಸೇರಿಕೊಂಡರು. 1980ರ ದಶಕದಲ್ಲಿ ಅದು ಕೇರಳ ಮುಸ್ಲಿಂ ಕಲ್ಚರಲ್ ಸೆಂಟರ್, ಅಂದರೆ ಕೆ.ಎಂ.ಸಿ.ಸಿ. ಎಂಬ ಹೆಸರು ಪಡೆಯಿತು. ಕೆಲಸ ಕಳೆದುಕೊಂಡವನಿಗೆ ವಾಪಸಾತಿಯ ಟಿಕೆಟ್, ಪರದೇಶದಲ್ಲಿ ಸತ್ತವನ ಶರೀರವನ್ನು ಊರಿಗೆ ಕಳಿಸುವ ಕಾಗದಪತ್ರ, ಜೈಲಿನಲ್ಲಿರುವವನಿಗೆ ಕಾನೂನಿನ ನೆರವು ಇವು ಅದರ ದಿನನಿತ್ಯದ ಕೆಲಸಗಳಾದವು. ಸದಸ್ಯರು ವರ್ಷಕ್ಕಿಷ್ಟು ವಂತಿಗೆ ಹಾಕಿ, ಅವರಲ್ಲೊಬ್ಬ ತೀರಿಕೊಂಡರೆ ಅವನ ಕುಟುಂಬಕ್ಕೆ ದೊಡ್ಡ ಮೊತ್ತ ತಲುಪಿಸುವ ಸಾಮಾಜಿಕ ಭದ್ರತಾ ಯೋಜನೆ ಬಂತು. ಅದರ ನೇರ ಫಲಾನುಭವಿಗಳು ಊರಿನ ವಿಧವೆಯರು. 2020ರ ಕೊರೋನಾ ಕಾಲದಲ್ಲಿ ಕೆ.ಎಂ.ಸಿ.ಸಿ. ದುಬೈಯ ಕಿಕ್ಕಿರಿದ ಕೋಣೆಗಳಿಗೆ ಊಟ ಮುಟ್ಟಿಸಿತು, ಬಾಡಿಗೆ ವಿಮಾನಗಳಲ್ಲಿ ಜನರನ್ನು ಕೇರಳಕ್ಕೆ ಕಳಿಸಿತು.

ಈ ಹಣ ಮತ್ತು ಊರಿನ ಕಾರ್ಯಕರ್ತರ ದುಡಿಮೆ ಎರಡೂ ಸೇರಿದ ಕಡೆ ಸಿ.ಎಚ್. ಸೆಂಟರ್‌ಗಳು ಹುಟ್ಟಿದವು. ಕಲ್ಲಿಕೋಟೆ ವೈದ್ಯಕೀಯ ಕಾಲೇಜಿನ ಬಳಿಯ ಕೇಂದ್ರ ಇವುಗಳಲ್ಲಿ ಹೆಸರುವಾಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತವಾಗಿದ್ದರೂ ಜೊತೆಗೆ ಬಂದವರ ಊಟ, ವಸತಿ, ಹೊರಗಿನಿಂದ ತರಬೇಕಾದ ಔಷಧಿ, ಆಂಬುಲೆನ್ಸ್ ಇವೆಲ್ಲ ಬಡವನನ್ನು ಮುಳುಗಿಸುತ್ತವೆ. ಸಿ.ಎಚ್. ಸೆಂಟರ್ ಕೈಹಾಕಿದ್ದು ಸರಿಯಾಗಿ ಇಲ್ಲಿ. ರೋಗಿಗಳಿಗೂ ಜೊತೆಗಾರರಿಗೂ ಉಚಿತ ಊಟ, ಔಷಧಿ, ಡಯಾಲಿಸಿಸ್ ಒದಗಿಸಿತು. ರಂಜಾನ್ ತಿಂಗಳಲ್ಲಿ ಮಸೀದಿಗಳಲ್ಲೂ ಪೇಟೆಗಳಲ್ಲೂ ಇದಕ್ಕಾಗಿ ಹಣ ಎತ್ತುತ್ತಾರೆ. ಊಟದ ಸರದಿಯಲ್ಲಿ ಮಾತ್ರ ಯಾರ ಹೆಸರನ್ನೂ ಕೇಳುವುದಿಲ್ಲ. ಇದೇ ಮಾದರಿಯ ಕೇಂದ್ರಗಳು ತಿರುವನಂತಪುರ ಸೇರಿದಂತೆ ಬೇರೆ ಆಸ್ಪತ್ರೆಗಳ ಸುತ್ತಲೂ ಬಂದವು.

2009ರಲ್ಲಿ ಮುಹಮ್ಮದಲಿ ಶಿಹಾಬ್ ತಂಙಳ್ ನಿಧನರಾದ ಬಳಿಕ ಅವರ ನೆನಪಿಗೆ ಬೈತುರ್ರಹ್ಮಾ ಎಂಬ ವಸತಿ ಯೋಜನೆ ಆರಂಭವಾಯಿತು. ಪ್ರತಿಮೆ ನಿಲ್ಲಿಸುವ ಬದಲು ಮನೆ ಕಟ್ಟಿಕೊಡುವುದು ಇದರ ರೀತಿ. ಕೆ.ಎಂ.ಸಿ.ಸಿ. ಘಟಕವೊಂದು ಹಣ ಕೊಟ್ಟರೆ ಊರಿನ ಶಾಖೆ ಕುಟುಂಬವನ್ನು ಗುರುತಿಸುತ್ತದೆ, ಯುವಕರು ಕಲ್ಲು ಮಣ್ಣು ಹೊರುತ್ತಾರೆ. ಗಂಡನಿಲ್ಲದ, ಹೆಣ್ಣುಮಕ್ಕಳೇ ಇರುವ ಮನೆಗಳಿಗೆ ಮೊದಲ ಆದ್ಯತೆ. ಮುಸ್ಲಿಮೇತರ ಕುಟುಂಬಗಳಿಗೂ ಮನೆಗಳು ಸಿಕ್ಕಿವೆ.

ಯುವ ಘಟಕವಾದ ಯೂತ್ ಲೀಗಿನ ವೈಟ್ ಗಾರ್ಡ್ ಎಂಬ ಸ್ವಯಂಸೇವಕ ಪಡೆ ಆಪತ್ತಿನ ಹೊತ್ತಿಗೆ ಧಾವಿಸುವ ತಂಡ. 2019ರ ಆಗಸ್ಟಿನಲ್ಲಿ ಕವಳಪ್ಪಾರ ಮತ್ತು ಪುತ್ತುಮಲದಲ್ಲಿ ಗುಡ್ಡ ಕುಸಿದಾಗ, 2020ರ ಲಾಕ್‌ಡೌನಿನಲ್ಲಿ, 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ ಚೂರಲ್‌ಮಲ ಹಳ್ಳಿಗಳು ಕೊಚ್ಚಿಹೋದಾಗ ಈ ಪಡೆ ಶವ ಹುಡುಕುವುದರಿಂದ ಹಿಡಿದು ಅಡುಗೆ ಮನೆ ನಡೆಸುವವರೆಗೆ ದುಡಿಯಿತು. ಆ ದುರಂತದಲ್ಲಿ ಮನೆ ಕಳೆದುಕೊಂಡವರಿಗಾಗಿ ಪಕ್ಷ ತೃಕ್ಕೈಪ್ಪಟ್ಟದಲ್ಲಿ 105 ಮನೆಗಳ ಯೋಜನೆ ಕೈಗೆತ್ತಿಕೊಂಡು, 2025ರ ಸೆಪ್ಟೆಂಬರಿನಲ್ಲಿ ಶಂಕುಸ್ಥಾಪನೆ ಮಾಡಿತು.

ಮಲಪ್ಪುರಂ ಜಿಲ್ಲೆಯಲ್ಲಿ ಈ ಸೇವಾ ಸಂಸ್ಕೃತಿ ಒಂದೇ ಪಕ್ಷದ ಸೊತ್ತಾಗಿ ಉಳಿಯಲಿಲ್ಲ. ಹಾಸಿಗೆ ಹಿಡಿದ ರೋಗಿಗಳ ಮನೆಗೆ ಹೋಗಿ ಆರೈಕೆ ಮಾಡುವ ಪಾಲಿಯೇಟಿವ್ ಚಳವಳಿ 1993ರಲ್ಲಿ ಕಲ್ಲಿಕೋಟೆ ವೈದ್ಯಕೀಯ ಕಾಲೇಜಿನಲ್ಲಿ ಹುಟ್ಟಿ, ಮಲಪ್ಪುರಂನ ಹಳ್ಳಿಗಳಲ್ಲಿ ಜನರ ಚಳವಳಿಯಾಯಿತು. ಎಲ್ಲ ಪಕ್ಷ, ಎಲ್ಲ ಮತದವರೂ ಅದರಲ್ಲಿದ್ದಾರೆ. ಮನೆಯೊಳಗೆ ಕಾಲಿಟ್ಟು ಹಾಸಿಗೆಯ ಪಕ್ಕ ಕೂರುವ ಈ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು.

ಗಡಿನಾಡು ಕಾಸರಗೋಡು ಮತ್ತು ಬೆಂಗಳೂರು

ಕನ್ನಡಿಗರಿಗೆ ಈ ಪಕ್ಷದ ನೇರ ಪರಿಚಯವಿರುವುದು ಕಾಸರಗೋಡಿನಲ್ಲಿ. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಈ ನೆಲ ಕೇರಳಕ್ಕೆ ಸೇರಿದ ಮೇಲೂ ಅಲ್ಲಿನ ಲೀಗ್ ಕನ್ನಡ, ತುಳು, ಬ್ಯಾರಿ, ಮಲಯಾಳಗಳ ನಡುವೆಯೇ ಬೆಳೆಯಿತು. ಮಂಜೇಶ್ವರದಿಂದ 1987ರಿಂದ 2006ರವರೆಗೆ ಶಾಸಕರಾಗಿದ್ದ ಚೆರ್ಕಳಂ ಅಬ್ದುಲ್ಲ ಕೇರಳದ ಸ್ಥಳೀಯಾಡಳಿತ ಮಂತ್ರಿಯೂ ಆಗಿದ್ದರು. 2021ರಲ್ಲಿ ಗೆದ್ದ ಎ.ಕೆ.ಎಂ. ಅಶ್ರಫ್ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣ ವಚನ ಸ್ವೀಕರಿಸಿದರು.

ಈ ನಾಡಿನ ಮುಸ್ಲಿಂ ಹೆಣ್ಣುಮಕ್ಕಳ ಬದುಕು ಹೇಗಿತ್ತೆಂಬುದನ್ನು ಕನ್ನಡ ಓದುಗರಿಗೆ ಹೇಳಿದವರು ಸಾರಾ ಅಬೂಬಕ್ಕರ್. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಮುಸ್ಲಿಂ ಹುಡುಗಿಯರು ಹೈಸ್ಕೂಲಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಕನ್ನಡ ಶಾಲೆಯಲ್ಲಿ ಓದಿದವರು ಅವರು. 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ತಂದೆಯ ಹಟ ಮತ್ತು ತಲಾಖಿನ ನಡುವೆ ನಲುಗಿದ ಹೆಣ್ಣಿನ ಕಥೆ. ಊರಿನ ಹಿರಿಯರ ದಯೆಯೊಂದರಿಂದಲೇ ಹೆಣ್ಣಿನ ಬಾಳು ಹಸನಾಗದು ಎಂಬ ಸತ್ಯವನ್ನು ಆ ಕೃತಿ ಮುಲಾಜಿಲ್ಲದೆ ಮುಂದಿಟ್ಟಿತು. ಅದೇ ನೆಲದ ಕುಂಬಳೆ, ಮಂಗಲ್ಪಾಡಿಗಳಂಥ ಪಂಚಾಯತುಗಳಲ್ಲಿ ಮುಂದೆ ಲೀಗಿನ ಮಹಿಳೆಯರು ಅಧ್ಯಕ್ಷರಾಗಿ ಆಡಳಿತ ನಡೆಸಿದರು.

ಬೆಂಗಳೂರಿನಲ್ಲಿ ದುಡಿಯುವ ಮಲಯಾಳಿಗಳು ಕಟ್ಟಿದ ಕೆ.ಎಂ.ಸಿ.ಸಿ. ಘಟಕವೂ ಗಲ್ಫಿನ ಮಾದರಿಯಲ್ಲೇ ನಡೆಯುತ್ತದೆ. ನಗರದ ದೊಡ್ಡ ಆಸ್ಪತ್ರೆಗಳಿಗೆ ಬರುವ ಬಡ ರೋಗಿಗಳಿಗೆ ನೆರವು, ಪಾಲಿಯೇಟಿವ್ ಆರೈಕೆ, ಆಂಬುಲೆನ್ಸ್, ಬಡ ಹೆಣ್ಣುಮಕ್ಕಳ ಸಾಮೂಹಿಕ ವಿವಾಹ ಇವು ಅದರ ಕೆಲಸಗಳು.

ಫಲಾನುಭವಿಯಿಂದ ಅಧ್ಯಕ್ಷೆಗೆ

ಗಲ್ಫ್ ವಲಸೆ ಹೆಣ್ಣುಮಕ್ಕಳ ಬದುಕನ್ನು ಎರಡು ಬಗೆಯಲ್ಲಿ ತಿದ್ದಿತು. ಗಂಡ ಎರಡು ಮೂರು ವರ್ಷಕ್ಕೊಮ್ಮೆ ಬರುವ ಮನೆಯಲ್ಲಿ ಒಂಟಿತನ ಆವರಿಸಿತು. 1970ರ ದಶಕದಲ್ಲಿ ಎಸ್.ಎ. ಜಮೀಲ್ ಹಾಡಿದ ದುಬೈ ಕಾಗದದ ಹಾಡು ಮಲಬಾರಿನ ಮನೆಮನೆಯಲ್ಲಿ ಕೇಳಿಸಿದ್ದು ಆ ನೋವಿನಿಂದಲೇ. ಅದೇ ಹೊತ್ತಿಗೆ ಬ್ಯಾಂಕು, ಮಕ್ಕಳ ಶಾಲೆ, ಮನೆ ಕಟ್ಟುವ ಲೆಕ್ಕ, ಸರ್ಕಾರಿ ಕಚೇರಿಯ ಅರ್ಜಿ ಎಲ್ಲವೂ ಹೆಂಡತಿಯ ಕೈಗೆ ಬಂದವು. ಕಾಗದ ಓದಲು ಬರೆಯಲು ಪರರನ್ನು ಕರೆಯಬೇಕಾದ ಸಂಕೋಚವೇ ಎಷ್ಟೋ ಹೆಂಗಸರನ್ನು ಅಕ್ಷರದ ಕಡೆಗೆ ನಡೆಸಿತು. 1991ರ ಏಪ್ರಿಲ್ 18ರಂದು ಕಲ್ಲಿಕೋಟೆಯ ಮಾನಾಂಚಿರ ಮೈದಾನದಲ್ಲಿ ಕೇರಳ ಸಂಪೂರ್ಣ ಸಾಕ್ಷರವಾಯಿತೆಂದು ಘೋಷಿಸಿದವರು ಮಲಪ್ಪುರಂನ ಚೇಲಕ್ಕೋಡನ್ ಆಯಿಷಾ. ಆಗಷ್ಟೇ ಅಕ್ಷರ ಕಲಿತ ಮಾಪಿಳ್ಳೆ ಹೆಂಗಸು ಆಕೆ.

ಇದರ ಬೆನ್ನಿಗೆ ಸಂವಿಧಾನದ 73ನೇ ತಿದ್ದುಪಡಿ ಬಂತು. 1995ರ ಪಂಚಾಯತ್ ಚುನಾವಣೆಯಲ್ಲಿ ಮೂರನೇ ಒಂದು ಸ್ಥಾನ ಹೆಂಗಸರಿಗೆ ಮೀಸಲಾಯಿತು. 2010ರಲ್ಲಿ ಕೇರಳ ಅದನ್ನು ಅರ್ಧಕ್ಕೇರಿಸಿತು. ಅಲ್ಲಿಯವರೆಗೆ ಮಹಿಳಾ ಅಭ್ಯರ್ಥಿಗಳ ಬಗ್ಗೆ ಹಿಂಜರಿಯುತ್ತಿದ್ದ ಲೀಗಿಗೆ ಮಲಪ್ಪುರಂ ಜಿಲ್ಲೆಯೊಂದರಲ್ಲೇ ನೂರಾರು ಮಹಿಳೆಯರನ್ನು ಕಣಕ್ಕಿಳಿಸಬೇಕಾಯಿತು. ಅರಬ್ಬಿ ಅಧ್ಯಾಪಕಿಯರು, ಅಂಗನವಾಡಿ ಕಾರ್ಯಕರ್ತೆಯರು, ನಾಯಕರ ಹೆಂಡತಿಯರು, ತಂಗಿಯರು ಅಭ್ಯರ್ಥಿಗಳಾದರು. ಮೊದಮೊದಲು ಕುರ್ಚಿ ಹೆಂಗಸಿನದು, ಆಳ್ವಿಕೆ ಗಂಡಸಿನದು ಎಂಬ ಸ್ಥಿತಿ ಹಲವೆಡೆ ಇತ್ತು. ಎರಡನೆಯ, ಮೂರನೆಯ ಅವಧಿಯ ಹೊತ್ತಿಗೆ ಕಡತ ಓದಿ, ಎಂಜಿನಿಯರನ್ನು ಪ್ರಶ್ನಿಸಿ, ಗ್ರಾಮಸಭೆ ನಡೆಸುವ ಅಧ್ಯಕ್ಷೆಯರು ತಯಾರಾದರು. 2010ರಲ್ಲಿ ಸುಹರಾ ಮಂಬಾಡ್, 2020ರಲ್ಲಿ ಎಂ.ಕೆ. ರಫೀಕಾ ಮಲಪ್ಪುರಂ ಜಿಲ್ಲಾ ಪಂಚಾಯತಿನ ಅಧ್ಯಕ್ಷರಾದರು. ಮೂತ್ರಪಿಂಡದ ರೋಗಿಗಳ ನೆರವಿಗೆ ಸಂಘ, ಹತ್ತನೇ ತರಗತಿಯ ಫಲಿತಾಂಶ ಮೇಲೆತ್ತಿದ ವಿಜಯಭೇರಿ ಯೋಜನೆ ಈ ಜಿಲ್ಲಾ ಪಂಚಾಯತಿನ ಹೆಸರುವಾಸಿ ಕೆಲಸಗಳು.

ಸರ್ಕಾರದ ಎರಡು ಯೋಜನೆಗಳು ಈ ಬದಲಾವಣೆಗೆ ನೀರೆರೆದವು. 1998ರ ಮೇ 17ರಂದು ಎಡರಂಗದ ಸರ್ಕಾರದ ಕುಟುಂಬಶ್ರೀ ಯೋಜನೆಯನ್ನು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಮಲಪ್ಪುರಂನಲ್ಲಿ ಉದ್ಘಾಟಿಸಿದರು. ನೆರೆಕೂಟಗಳ ಮೂಲಕ ಉಳಿತಾಯ, ಸಾಲ, ಸಣ್ಣ ಉದ್ಯಮಗಳು ಮುಸ್ಲಿಂ ಮನೆಗಳ ಅಂಗಳ ತಲುಪಿದವು. 2002ರಲ್ಲಿ ಅದೇ ಜಿಲ್ಲೆಯಿಂದ ಅಕ್ಷಯ ಯೋಜನೆ ಆರಂಭವಾಯಿತು. ಆಗ ಮಾಹಿತಿ ತಂತ್ರಜ್ಞಾನ ಖಾತೆ ಲೀಗಿನ ಪಿ.ಕೆ. ಕುಞಾಲಿಕುಟ್ಟಿ ಅವರ ಕೈಯಲ್ಲಿತ್ತು. ಪ್ರತಿ ಮನೆಯ ಒಬ್ಬರಿಗಾದರೂ ಕಂಪ್ಯೂಟರ್ ಪರಿಚಯಿಸುವುದು ಅದರ ಗುರಿ. ಗಲ್ಫಿನಲ್ಲಿರುವ ಗಂಡನಿಗೆ ಇಮೇಲ್ ಕಳಿಸಲು ಕಲಿಯಬೇಕೆಂದು ಬಂದ ಹೆಂಗಸರಿಂದ ಆ ಕೇಂದ್ರಗಳು ತುಂಬಿದವು. ಹಲವು ಕೇಂದ್ರಗಳನ್ನು ಹೆಣ್ಣುಮಕ್ಕಳೇ ನಡೆಸಿದರು.

ಪಕ್ಷದ ಒಳಗಿನ ಹಾದಿ

ಊರಿನ ಆಡಳಿತದಲ್ಲಿ ಸಿಕ್ಕ ಜಾಗ ಪಕ್ಷದೊಳಗೆ ಅಷ್ಟು ಸುಲಭವಾಗಿ ಸಿಗಲಿಲ್ಲ. 1985ರ ಶಾಬಾನು ತೀರ್ಪಿನ ಬಳಿಕ ನಡೆದ ವಾಗ್ವಾದದಲ್ಲಿ ಲೀಗ್ ವೈಯಕ್ತಿಕ ಕಾನೂನಿನ ರಕ್ಷಣೆಗೆ ನಿಂತಿತ್ತು; ಪೊನ್ನಾನಿಯ ಸಂಸದ ಜಿ.ಎಂ. ಬನಾತ್‌ವಾಲಾ ಲೋಕಸಭೆಯಲ್ಲಿ ಖಾಸಗಿ ಮಸೂದೆ ತಂದಿದ್ದರು. ವಿಚ್ಛೇದಿತೆಯ ಜೀವನಾಂಶದ ಪ್ರಶ್ನೆ ಸಮುದಾಯದ ಗುರುತಿನ ಪ್ರಶ್ನೆಯಾಗಿ ಮಾರ್ಪಟ್ಟ ಆ ಚರ್ಚೆಯಲ್ಲಿ ಹೆಣ್ಣುಮಕ್ಕಳ ದನಿ ಕ್ಷೀಣವಾಗಿತ್ತು.

ವನಿತಾ ಲೀಗ್ ಈ ಕೊರತೆಯ ನಡುವೆ ಬೆಳೆದ ಮಹಿಳಾ ಘಟಕ. ಅದರ ಮುಂಚೂಣಿಯಲ್ಲಿದ್ದ ಖಮರುನ್ನೀಸಾ ಅನ್ವರ್ 1996ರಲ್ಲಿ ಕಲ್ಲಿಕೋಟೆಯ ಕ್ಷೇತ್ರವೊಂದರಿಂದ ವಿಧಾನಸಭೆಗೆ ಸ್ಪರ್ಧಿಸಿ, ಲೀಗಿನ ಚಿಹ್ನೆಯಾದ ಏಣಿಯ ಮೇಲೆ ಮತ ಕೇಳಿದ ಮೊದಲ ಮಹಿಳೆಯಾದರು. ಅವರು ಸೋತರು. ಇನ್ನೊಬ್ಬ ಮಹಿಳೆಗೆ ವಿಧಾನಸಭೆಯ ಟಿಕೆಟ್ ಸಿಗಲು ಇಪ್ಪತ್ತೈದು ವರ್ಷ ಬೇಕಾಯಿತು. 2021ರಲ್ಲಿ ವಕೀಲೆ ನೂರ್ಬೀನಾ ರಶೀದ್ ಕಲ್ಲಿಕೋಟೆ ದಕ್ಷಿಣದಲ್ಲಿ ನಿಂತು ಸೋತರು. ಧಾರ್ಮಿಕ ವಿದ್ವಾಂಸರ ಅಸಮಾಧಾನದ ಅಳುಕು, ಗೆಲ್ಲುವ ಕ್ಷೇತ್ರಗಳನ್ನು ಬಿಟ್ಟುಕೊಡಲು ಗಂಡಸರ ಹಿಂಜರಿಕೆ ಎರಡೂ ಈ ವಿಳಂಬಕ್ಕೆ ಕಾರಣ.

ಹೊಸ ತಲೆಮಾರು ಕಾಲೇಜುಗಳಿಂದ ಬಂತು. ವಿದ್ಯಾರ್ಥಿ ಘಟಕ ಎಂ.ಎಸ್.ಎಫ್. 2012ರಲ್ಲಿ ಹುಡುಗಿಯರಿಗಾಗಿ ಹರಿತ ಎಂಬ ವೇದಿಕೆ ರಚಿಸಿತು. ಅಜ್ಜಿಯರು ಅರಬ್ಬಿ ಮಲಯಾಳ ಓದಿದ, ತಾಯಂದಿರು ಪಂಚಾಯತ್ ಸದಸ್ಯೆಯರಾದ ಮನೆಗಳ ಹುಡುಗಿಯರು ಅಲ್ಲಿ ಕಾನೂನು, ಸಂವಿಧಾನ, ಲಿಂಗನ್ಯಾಯದ ಭಾಷೆಯಲ್ಲಿ ಮಾತಾಡತೊಡಗಿದರು. 2021ರಲ್ಲಿ ಎಂ.ಎಸ್.ಎಫ್. ಮುಖಂಡರು ಸಭೆಯಲ್ಲಿ ತಮ್ಮನ್ನು ಅವಮಾನಿಸಿದರೆಂದು ಹರಿತದ ಪದಾಧಿಕಾರಿಗಳು ರಾಜ್ಯ ಮಹಿಳಾ ಆಯೋಗಕ್ಕೆ ದೂರು ಕೊಟ್ಟರು. ದೂರು ಹಿಂಪಡೆಯಲು ಅವರು ಒಪ್ಪದಿದ್ದಾಗ ಪಕ್ಷ ಹರಿತದ ರಾಜ್ಯ ಸಮಿತಿಯನ್ನೇ ವಿಸರ್ಜಿಸಿತು. ಅವರ ಪರವಾಗಿ ಮಾತಾಡಿದ ವಕೀಲೆ ಫಾತಿಮಾ ತಹ್‌ಲಿಯ ಎಂ.ಎಸ್.ಎಫ್. ರಾಷ್ಟ್ರೀಯ ಉಪಾಧ್ಯಕ್ಷ ಸ್ಥಾನ ಕಳೆದುಕೊಂಡರು. ಅವರು ಪಕ್ಷ ಬಿಡಲಿಲ್ಲ, ಮಾತನ್ನೂ ಬಿಡಲಿಲ್ಲ. ಕೆಲವು ವರ್ಷಗಳಲ್ಲಿ ಯೂತ್ ಲೀಗ್ ಅವರನ್ನು ಪದಾಧಿಕಾರಿಯಾಗಿ ತೆಗೆದುಕೊಂಡಿತು.

2025ರ ಮೇ ತಿಂಗಳಲ್ಲಿ ಚೆನ್ನೈಯಲ್ಲಿ ನಡೆದ ರಾಷ್ಟ್ರೀಯ ಮಂಡಳಿಯ ಸಭೆ ಇಬ್ಬರು ಮಹಿಳೆಯರನ್ನು ಪಕ್ಷದ ರಾಷ್ಟ್ರೀಯ ಸಹ ಕಾರ್ಯದರ್ಶಿಗಳನ್ನಾಗಿ ನೇಮಿಸಿತು. ಒಬ್ಬರು ಚೆನ್ನೈ ಮಹಾನಗರಪಾಲಿಕೆಯ ಸದಸ್ಯೆ ಫಾತಿಮಾ ಮುಝಫರ್. ಇನ್ನೊಬ್ಬರು ವಯನಾಡಿನ ದಲಿತ ನಾಯಕಿ ಜಯಂತಿ ರಾಜನ್. ರಾಷ್ಟ್ರೀಯ ಪದಾಧಿಕಾರಿಗಳ ಪಟ್ಟಿಯಲ್ಲಿ ಮಹಿಳೆಯರ ಹೆಸರು ಬಂದದ್ದು ಅದೇ ಮೊದಲು. ಪಕ್ಷ ಹುಟ್ಟಿ ಆಗ 77 ವರ್ಷ ಕಳೆದಿತ್ತು.

ಈ ಇತಿಹಾಸದಲ್ಲಿ ಮೂರು ಶಕ್ತಿಗಳು ಒಂದರ ಮೇಲೊಂದು ಕೆಲಸ ಮಾಡಿವೆ. ಯತೀಂಖಾನ, ಶಾಲೆ, ಸಿ.ಎಚ್. ಸೆಂಟರ್, ಬೈತುರ್ರಹ್ಮಾಗಳ ಸೇವೆ ಹೆಣ್ಣುಮಕ್ಕಳ ಬದುಕಿಗೆ ಆಸರೆ ಕೊಟ್ಟಿತು. ಮೀಸಲಾತಿಯ ಕಾನೂನು ಅವರಿಗೆ ಅಧಿಕಾರದ ಕುರ್ಚಿ ಕೊಟ್ಟಿತು. ಅದು ಪಕ್ಷದ ದಯೆಯಾಗಿರಲಿಲ್ಲ, ನಾಗರಿಕರಾಗಿ ಅವರಿಗೆ ಸಲ್ಲಬೇಕಾದ ಹಕ್ಕಾಗಿತ್ತು. ಪಕ್ಷದೊಳಗಿನ ತೀರ್ಮಾನದ ಪಾಲನ್ನು ಮಾತ್ರ ಅವರೇ ಕೇಳಿ, ದಂಡ ತೆತ್ತು, ಮತ್ತೆ ಕೇಳಿ ಗಳಿಸಬೇಕಾಯಿತು. ಸೇವೆಯ ವಿಷಯದಲ್ಲಿ ಮಲಬಾರಿನ ಲೀಗ್ ಭಾರತದ ಬೇರೆ ಪಕ್ಷಗಳು ಕಲಿಯಬಹುದಾದ ಮಾದರಿಯನ್ನು ಕಟ್ಟಿದೆ. ವಿಧಾನಸಭೆಯ ಟಿಕೆಟಿನಲ್ಲೂ ಪಕ್ಷದ ಸಮಿತಿಗಳಲ್ಲೂ ಹೆಣ್ಣುಮಕ್ಕಳಿಗೆ ಸಮಪಾಲು ಸಿಕ್ಕಾಗ ಆ ಮಾದರಿ ಪೂರ್ಣವಾಗುತ್ತದೆ.